ಇಂಗುಬಾವಿ ತೋಡುವ ಮೊದಲು ಲೆಕ್ಕ ನೋಡಿ

ಒಂದು ವಸತಿ ಸಮುಚ್ಚಯ ತನ್ನ ಕೊಳವೆಬಾವಿಯಿಂದ ದಿನಕ್ಕೆ 20,000 ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ವರ್ಷಕ್ಕೆ 73 ಲಕ್ಷ ಲೀಟರ್. ಚಾವಣಿ 1,000 ಚದರ ಮೀಟರ್, ವರ್ಷದ ಮಳೆ 800 ಮಿಲಿಮೀಟರ್ ಇದ್ದರೆ, ನಷ್ಟ ಕಳೆದು ಸಿಗುವ ಮಳೆನೀರು ಸುಮಾರು 6.8 ಲಕ್ಷ ಲೀಟರ್. ಅಷ್ಟನ್ನೂ ಇಂಗುಬಾವಿಯಿಂದ, ಅಂದರೆ ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಬಾವಿಯಿಂದ, ಇಂಗಿಸಿದರೂ ಎತ್ತಿದ್ದರಲ್ಲಿ ಹತ್ತನೇ ಒಂದು ಪಾಲು ಕೂಡ ನೆಲಕ್ಕೆ ಮರಳುವುದಿಲ್ಲ.

ಇಂಗುಬಾವಿ ಬೇಕೇ ಬೇಕು. ಆದರೆ ಅದೊಂದಿದ್ದರೆ ಸಾಕು ಎಂದು ನಂಬಿಸುವುದು ತಪ್ಪು. ಮೊದಲು ಎತ್ತುವುದು ತಗ್ಗಬೇಕು. ಕೊಳವೆಬಾವಿಗೊಂದು, ಮನೆಮನೆಗೊಂದು ಮೀಟರ್ ಹಾಕಿ. ಶೌಚಾಲಯದ ಫ್ಲಶ್‌ಗೆ, ಗಿಡಗಳಿಗೆ ಒಮ್ಮೆ ಬಳಸಿದ ನೀರನ್ನೇ ಶುದ್ಧೀಕರಿಸಿ ಕೊಡಿ. ಮಳೆನೀರು ಮೊದಲು ಸಂಪಿಗೆ ಹೋಗಲಿ, ತುಂಬಿ ಉಕ್ಕಿದ್ದು ಇಂಗುಬಾವಿಗೆ. ಸಂಪಿನಲ್ಲಿ ಹಿಡಿದ ಪ್ರತಿ ಲೀಟರೂ ಅಂದು ಎತ್ತದೆ ಉಳಿದ ಲೀಟರ್.

ಗಟ್ಟಿ ಬಂಡೆಯ ನೆಲದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ (ಬಂಡೆ ಸವೆದು ಸಡಿಲಾದ) ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಶಿಥಿಲ ಪದರದಲ್ಲಿ ನೀರಿನ ಮಟ್ಟ 1 ಮೀಟರ್ ಇಳಿದರೂ ಚದರ ಮೀಟರಿಗೆ ಸಿಕ್ಕಿರುವುದು ಸಾಮಾನ್ಯವಾಗಿ 10ರಿಂದ 30 ಲೀಟರ್ ಮಾತ್ರ. ಆಳಕ್ಕೆ ಹೋದಂತೆ ಬಿರುಕುಗಳೂ ವಿರಳವಾಗುತ್ತವೆ, ಹಾಗಾಗಿ ಇನ್ನಷ್ಟು ಆಳ ಕೊರೆಸುವುದು ಪರಿಹಾರವಲ್ಲ.

ಇನ್ನು ಇಂಗುಬಾವಿ. ಸುಮಾರು 1 ಮೀಟರ್ ಅಗಲ, 6 ಮೀಟರ್ ಆಳ ತೋಡಿದರೆ 4,700 ಲೀಟರ್ ಹಿಡಿಯುತ್ತದೆ. ಕಾಂಕ್ರೀಟ್ ರಿಂಗುಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಕೂರಿಸಿ, ಸುತ್ತಲಿನ ಸಂದಿಗೆ ಜಲ್ಲಿ ತುಂಬಿ. ತಳಕ್ಕೆ ಕಾಂಕ್ರೀಟ್ ಬೇಡ. ಬಾವಿಯೊಳಗೆ ಮಾತ್ರ ಕಲ್ಲು ತುಂಬಬೇಡಿ: ಅರ್ಧಕ್ಕಿಂತ ಹೆಚ್ಚು ಜಾಗ ಕಲ್ಲಿಗೇ ಹೋಗುತ್ತದೆ, ಹೂಳು ತೆಗೆಯಲು ಇಳಿಯುವುದಕ್ಕೂ ಆಗುವುದಿಲ್ಲ. ಜೇಡಿಮಣ್ಣಿನಲ್ಲೇ ನಿಲ್ಲಿಸಿದರೆ ಅದು ಬರೀ ತೊಟ್ಟಿ. ನೀರು ಹೀರುವ ಪದರ ಸಿಗುವವರೆಗೆ ತೋಡಬೇಕು. ನೀರು ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆದರೆ ಸತ್ಯ ಗೊತ್ತಾಗುತ್ತದೆ. ಬಾಯಿಗೆ ಗಟ್ಟಿಯಾದ ಮುಚ್ಚಳ ಮರೆಯಬೇಡಿ.

ಇಂಗುಬಾವಿಗಳನ್ನು ಕೊಲ್ಲುವುದು ಹೂಳು. ಪ್ರತಿ ಮಳೆಯ ಮೊದಲ 1–2 ಮಿಲಿಮೀಟರ್, ಅಂದರೆ 100 ಚದರ ಮೀಟರ್ ಚಾವಣಿಗೆ 100–200 ಲೀಟರ್, ಹೊರಗೆ ಹರಿದುಹೋಗಲಿ. ರಸ್ತೆ, ಪಾರ್ಕಿಂಗ್ ಜಾಗದ ನೀರಿನಲ್ಲಿ ಎಣ್ಣೆ ಇರುತ್ತದೆ, ಅದನ್ನು ಬಾವಿಗೆ ಬಿಡಲೇಬಾರದು. ಒಳಚರಂಡಿ ಪೈಪು, ಶೌಚಗುಂಡಿ ದೂರವಿರಲಿ.

ಬತ್ತಿದ ಕೊಳವೆಬಾವಿಗೆ ಚಾವಣಿ ನೀರನ್ನು ನೇರವಾಗಿ ಇಳಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಇಂಗುಬಾವಿಯಲ್ಲಿ ಮಣ್ಣು ಸೋಸುತ್ತದೆ. ಇಲ್ಲಿ ಸೋಸುವುದು ಏನೂ ಇಲ್ಲ. ಕೊಳೆ ನೇರ ಬಿರುಕು ಸೇರಿ ಅಕ್ಕಪಕ್ಕದವರ ಕುಡಿಯುವ ನೀರಿಗೂ ಬೆರೆಯುತ್ತದೆ, ಹೂಳು ಬಿರುಕನ್ನೇ ಕಟ್ಟಿಬಿಡುತ್ತದೆ.

ಇಷ್ಟೆಲ್ಲ ಫಲಿಸಿತೇ ಎಂದು ತಿಳಿಯಲು ಕೊಳವೆಬಾವಿಯ ನೀರಿನ ಮಟ್ಟ ಅಳೆಯಬೇಕು. ಪಂಪ್ ಇಳಿಸುವಾಗಲೇ ಜೊತೆಗೆ 25 ಮಿಲಿಮೀಟರಿನ ಪಿವಿಸಿ ಪೈಪು ಇಳಿಸಿಟ್ಟರೆ ಅದರೊಳಗೆ ಬಿಡುವ ಅಳತೆ ಟೇಪು ಪಂಪಿನ ಕೇಬಲ್‌ಗೆ ಸಿಕ್ಕಿಕೊಳ್ಳುವುದಿಲ್ಲ. ರಾತ್ರಿಯಿಡೀ ಪಂಪ್ ನಿಲ್ಲಿಸಿ, ಸಾಧ್ಯವಾದರೆ ಪಕ್ಕದವರದ್ದನ್ನೂ ನಿಲ್ಲಿಸಲು ಕೇಳಿ, ಬೆಳಿಗ್ಗೆ ಅಳೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಪ್ರತಿವರ್ಷ ಅದೇ ವಾರದಲ್ಲಿ. ಒಂದು ಒಳ್ಳೆಯ ಮಳೆಗಾಲದ ಏರಿಕೆಗೆ ಮರುಳಾಗಬೇಡಿ. ಬೇಸಿಗೆ ಕೊನೆಯ ಮಟ್ಟವನ್ನು ಹಿಂದಿನ ಬೇಸಿಗೆಗಳ ಪಕ್ಕದಲ್ಲಿಟ್ಟು ನೋಡಿ.