ನಾಲ್ಕೂವರೆಗೆ ಆಫೀಸು

ಬೆಳಗ್ಗೆ ಹತ್ತು ಗಂಟೆ. ಆಫೀಸಿನ ಕಂಪ್ಯೂಟರ್ ಮಾತ್ರ ನಾಲ್ಕೂವರೆ ಅಂತಿತ್ತು. ಮೀಟಿಂಗ್ ನೆನಪಿಸುವ ಗಂಟೆಯೂ ಹೊಡೀಲಿಲ್ಲ, ಪಾಪ, ಅದರ ಲೆಕ್ಕದಲ್ಲಿ ಇನ್ನೂ ಕೋಳಿ ಕೂಗಿಲ್ಲ!

ಐಟಿಯವರ ಒಪ್ಪಿಗೆ ತಗೊಂಡು ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡಿದ್ದೇನೆ. ಇದು ಅದರ ಕಿತಾಪತಿ. ಮದರ್‌ಬೋರ್ಡ್ ಮೇಲೆ ಪುಟ್ಟ ಬ್ಯಾಟರಿಯಲ್ಲಿ ಓಡುವ ಗಡಿಯಾರ ಒಂದೇ, ಓದುವವರು ಇಬ್ಬರು. ಲಿನಕ್ಸ್ ಅದರಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಇಟ್ಟುಕೊಂಡು, ನಮಗೆ ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. ವಿಂಡೋಸ್ ತನ್ನ ಹಿಂದಿನ ತಲೆಮಾರಾದ ಡಾಸ್ ಕಾಲದ ಅಭ್ಯಾಸ ಬಿಟ್ಟಿಲ್ಲ, ಅಲ್ಲಿ ಏನಿದೆಯೋ ಅದೇ ಊರಿನ ಟೈಮ್ ಅಂತ ನಂಬಿಬಿಡುತ್ತದೆ.

ಅಮೆರಿಕದಲ್ಲಿರುವ ಅಕ್ಕ ಅಡುಗೆಮನೆ ಗಡಿಯಾರಕ್ಕೆ ನಮ್ಮ ಟೈಮ್ ಇಟ್ಟಿದ್ದಾಳೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ಗಾಬರಿಯಾಗ್ತಾರಂತೆ. ಹಾಗೇ ಇದೂ. ಇಬ್ಬರಲ್ಲಿ ಯಾರದೂ ತಪ್ಪಿಲ್ಲ ಅಲ್ವಾ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ ಅಷ್ಟೇ.

ನನಗೆ ಲಿನಕ್ಸ್ ಲೆಕ್ಕವೇ ಜಾಸ್ತಿ ಇಷ್ಟ. ಆದರೆ ಕಂಪನಿಯ ವಿಂಡೋಸ್ ಸೆಟ್ಟಿಂಗ್ ಮುಟ್ಟುವ ಹಾಗಿಲ್ಲ, ಹಾಗಾಗಿ ಬಗ್ಗಬೇಕಾದ್ದು ಲಿನಕ್ಸೇ. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಒಂದೇ ಸಾಲು, ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 (timedatectl set-local-rtc 1), ಅಂದರೆ ಆ ಗಡಿಯಾರದಲ್ಲಿ ಊರಿನ ಟೈಮೇ ಇಡು ಅಂತ. ಹೇಳಿದ್ದು ಮಾಡಿತು, ಆಮೇಲೆ ಸ್ಥಿತಿ ಕೇಳಿದಾಗಲೆಲ್ಲ ಇದು ಸರಿಯಾದ ಪದ್ಧತಿ ಅಲ್ಲ ಅಂತ ಉದ್ದದ ಎಚ್ಚರಿಕೆ ಬೇರೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಅದು ನಿಜವಾದ ತಲೆನೋವು. ನಮಗೆ ವರ್ಷವಿಡೀ ಅದೇ ಐದೂವರೆ, ಬಯ್ಯಲಿ ಬಿಡಿ.

ಇನ್ನು ಪ್ರಿಂಟರ್ ಒಂದು ಬಾಕಿ. ಗೊತ್ತಿದ್ದವರು ಹೇಳ್ರಪ್ಪಾ.