ಕೆಂಟ್ ಟೆಸ್ಟ್ ತಯಾರಿ, ಆಗಸ್ಟ್ ಕೊನೆಯವರೆಗೆ: ನವೋದಯದ ಗೈಡ್ ಇಲ್ಲೂ ಕೆಲಸಕ್ಕೆ ಬಂತು

ಮಗಳ ಕೆಂಟ್ ಟೆಸ್ಟ್‌ಗೆ, ಅಂದರೆ ಇಂಗ್ಲೆಂಡಿನ ಕೆಂಟ್ ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಗ್ರಾಮರ್ ಶಾಲೆಗಳಿಗೆ ಸೇರಲು ಬರೆಯುವ ಪರೀಕ್ಷೆಗೆ, ಇನ್ನು ಸ್ವಲ್ಪವೇ ದಿನ ಉಳಿದಿದೆ. ಜನವರಿಯಿಂದ ಮನೆಯಲ್ಲೇ ತಯಾರಿ ಮಾಡಿಸುತ್ತಿದ್ದೇನೆ, ಟ್ಯೂಷನ್‌ಗೆ ಹಾಕಿಲ್ಲ. ಡಾರ್ಟ್‌ಫರ್ಡ್, ಗ್ರೇವ್ಸೆಂಡ್ ಕಡೆಯ ಕನ್ನಡದವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಇಲ್ಲಿವರೆಗೆ ಏನೇನು ಮಾಡಿದೆವು ಅಂತ ಬರೆದಿಡುತ್ತಿದ್ದೇನೆ.

ಊರಿನಲ್ಲಿ ಓದುವವರಿಗೆ ಮೊದಲು ಎರಡು ಮಾತು. ಗ್ರಾಮರ್ ಶಾಲೆ ಅಂದರೆ ಫೀಸಿಲ್ಲದ ಸರ್ಕಾರಿ ಶಾಲೆಯೇ, ಆದರೆ ಪರೀಕ್ಷೆ ಬರೆದು ಒಳಗೆ ಹೋಗಬೇಕು. ಇಡೀ ಇಂಗ್ಲೆಂಡಿನಲ್ಲಿ ಇರುವುದು 163. 1998ರ ಕಾಯ್ದೆ ಬಂದ ಮೇಲೆ ಹೊಸದನ್ನು ತೆರೆಯುವಂತಿಲ್ಲ. ಎಷ್ಟೋ ಕೌಂಟಿಗಳಲ್ಲಿ ಒಂದೂ ಇಲ್ಲ, ಕೆಂಟ್ ಒಂದರಲ್ಲೇ 32 ಇವೆ. ಇಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಮಕ್ಕಳಿಗೆ ಗ್ರಾಮರ್ ಸೀಟು ಅಂತ ಲೆಕ್ಕ ಇಟ್ಟುಕೊಂಡೇ ಪರೀಕ್ಷೆ ನಡೆಸುತ್ತಾರೆ. ಮಕ್ಕಳಿಗೆ ಆಗ ಹತ್ತು ವರ್ಷ. ನಾನು ನವೋದಯ ಬರೆದಾಗ ನನಗೂ ಅಷ್ಟೇ ವಯಸ್ಸು.

ಜನವರಿ, ಫೆಬ್ರವರಿ

ಮೊದಲು ಪರೀಕ್ಷೆ ಹೇಗಿರುತ್ತೆ ಅಂತ ನಾನೇ ಕೂತು ಓದಿದೆ. ಜಿಎಲ್ ಅಸೆಸ್‌ಮೆಂಟ್ ಅನ್ನುವ ಸಂಸ್ಥೆ ಪ್ರಶ್ನೆಪತ್ರಿಕೆ ಮಾಡುತ್ತದೆ, ಮಾದರಿ ಪತ್ರಿಕೆಗಳನ್ನು ಪುಕ್ಕಟೆ ಕೊಡುತ್ತದೆ. ಒಂದು ಪತ್ರಿಕೆಯಲ್ಲಿ ಇಂಗ್ಲಿಷ್ ಮತ್ತು ಗಣಿತ, ತಲಾ 25 ನಿಮಿಷ. ಇನ್ನೊಂದು ರೀಸನಿಂಗ್ (ತರ್ಕದ ಪ್ರಶ್ನೆಗಳು), ಸುಮಾರು ಒಂದು ಗಂಟೆ. ಅದರಲ್ಲಿ ಅರ್ಧ ಪದಗಳದ್ದು, ಅರ್ಧ ಚಿತ್ರಗಳದ್ದು. ಇದಲ್ಲದೆ 40 ನಿಮಿಷದ ಒಂದು ಬರವಣಿಗೆ. ಅದಕ್ಕೆ ಅಂಕ ಇಲ್ಲ, ಆದರೆ ಸ್ವಲ್ಪದರಲ್ಲಿ ತಪ್ಪಿಹೋದ ಮಕ್ಕಳ ಬಗ್ಗೆ ಹೆಡ್‌ಟೀಚರ್‌ಗಳ ಸಮಿತಿ ಕೂತು ಮಾತಾಡುವಾಗ ಅದನ್ನು ತೆಗೆದು ನೋಡಬಹುದು.

ಇತ್ತೀಚಿನ ವರ್ಷಗಳಲ್ಲಿ ಪಾಸಾಗಲು ಇಂಗ್ಲಿಷ್, ಗಣಿತ, ರೀಸನಿಂಗ್ ಮೂರೂ ಸೇರಿ 332 ಬೇಕಾಗಿದೆ. ಜೊತೆಗೆ ಒಂದೊಂದರಲ್ಲೂ ಒಂದು ಕನಿಷ್ಠ ಅಂಕ ದಾಟಬೇಕು. ಇವು ಕಚ್ಚಾ ಅಂಕಗಳಲ್ಲ, ವಯಸ್ಸು ನೋಡಿ ಸರಿಹೊಂದಿಸಿದವು. ನಮ್ಮವಳು ಹುಟ್ಟಿದ್ದು ಆಗಸ್ಟ್‌ನಲ್ಲಿ, ತರಗತಿಯಲ್ಲೇ ಚಿಕ್ಕವಳು, ಹಾಗಾಗಿ ಈ ವಿಷಯ ತಿಳಿದು ನನಗೆ ಸಮಾಧಾನ ಆಯಿತು. ಆದರೆ ಗಣಿತದಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ರೀಸನಿಂಗ್ ಕೈಕೊಟ್ಟರೆ ಅಲ್ಲಿಗೆ ಮುಗೀತು ಅನ್ನುವುದೂ ಗೊತ್ತಾಯಿತು.

ಮಾದರಿ ಪತ್ರಿಕೆ ಮಾಡಿಸಿದಾಗ ಗಣಿತ ಆರಾಮಾಗಿತ್ತು. ಮಗ್ಗಿ ಬಾಯಿಗೆ ಬರುತ್ತೆ. ಚಿತ್ರಗಳ ಭಾಗಕ್ಕೆ ಬಂದಾಗ ಮಾತ್ರ ಪೆನ್ಸಿಲ್ ಕೆಳಗಿಟ್ಟು, "ಅಮ್ಮ, ಇದು ನಮ್ಮ ಸ್ಕೂಲಲ್ಲಿ ಹೇಳೇ ಕೊಟ್ಟಿಲ್ಲ" ಅಂದಳು. ನಿಜವೇ. ಇಂಗ್ಲಿಷ್, ಗಣಿತ ಶಾಲೆಯ ಪಾಠದಲ್ಲಿ ಬರುತ್ತವೆ. ರೀಸನಿಂಗ್ ಅನ್ನುವ ಪಾಠವೇ ಅಲ್ಲಿಲ್ಲ.

ಮಾರ್ಚ್‌ನಿಂದ ಮೇವರೆಗೆ

ನನಗೆ ಆ ಚಿತ್ರಗಳನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ ಇರುತ್ತವೆ ಅಲ್ವಾ, ಅದರಲ್ಲಿ 40 ಮಾನಸಿಕ ಸಾಮರ್ಥ್ಯದ್ದು, 100ಕ್ಕೆ 50 ಅಂಕ ಅದಕ್ಕೇ. ಗುಂಪಿಗೆ ಸೇರದ ಚಿತ್ರ, ಸರಣಿಯ ಮುಂದಿನ ಚಿತ್ರ, ಕನ್ನಡಿ ಬಿಂಬ, ಕಾಗದ ಮಡಚಿ ತೂತು ಹಾಕಿದ್ದನ್ನು ಬಿಡಿಸಿದರೆ ಹೇಗೆ ಕಾಣುತ್ತೆ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಚಿತ್ರ ಎಲ್ಲಿದೆ. ಹಳ್ಳಿ ಶಾಲೆಯ ಮಗುವಿಗೆ ಭಾಷೆ ಅಡ್ಡ ಬರಬಾರದು ಅಂತ ಆ ಭಾಗ ಪೂರ್ತಿ ಚಿತ್ರದಲ್ಲೇ ಇರುತ್ತೆ. ಅಂದಮೇಲೆ ಕನ್ನಡ ಓದಲು ತಡವರಿಸುವ ಡಾರ್ಟ್‌ಫರ್ಡ್ ಹುಡುಗಿಗೂ ಅದು ಆಗಲೇಬೇಕು.

ರಾಣೆಬೆನ್ನೂರಿನ ತಮ್ಮನಿಗೆ ಹೇಳಿದೆ. ಅವನು ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಯಲ್ಲಿ ನವೋದಯ ಗೈಡ್ ಒಂದು ಕೊಂಡು, ಇಲ್ಲಿಗೆ ಬರುವವರ ಕೈಲಿ ಕಳಿಸಿದ. ಹಳೇ ಪ್ರಶ್ನೆಪತ್ರಿಕೆ ರಾಶಿ ಇದ್ದವು. ಇಲ್ಲಿ ಚಿತ್ರದ ಅಭ್ಯಾಸ ಪುಸ್ತಕ ಒಂದು ಮುಗಿದರೆ ಇನ್ನೊಂದಕ್ಕೆ ಮತ್ತೆ ದುಡ್ಡು. ಆ ಗೈಡ್ ಒಂದರಲ್ಲೇ ನಮಗೆ ಮೂರು ತಿಂಗಳು ಕಳೆಯಿತು.

ಮಾಡಿಸಿದ್ದು ಹೀಗೆ. ಕನ್ನಡಿ ಬಿಂಬಕ್ಕೆ ಮೊದಲು ಉತ್ತರ ಹೇಳಬೇಕು, ಆಮೇಲೆ ಕೈಗನ್ನಡಿ ಗೆರೆಯ ಮೇಲೆ ಇಟ್ಟು ನೋಡಬೇಕು. ಕಾಗದದ ತೂತಿಗೆ ಇವರ ಆಫೀಸ್ ಚೀಲದಿಂದ ಪಂಚಿಂಗ್ ಮಷಿನ್ ತೆಗೆದುಕೊಂಡೆವು. ಒಂದು ಸಲ ಮಡಚಿದರೆ ಎರಡು ತೂತು, ಎರಡು ಸಲ ಮಡಚಿದರೆ ನಾಲ್ಕು, ಆದರೆ ಮಡಿಕೆಯ ಗೆರೆಯ ಮೇಲೇ ಹಾಕಿದರೆ ಲೆಕ್ಕ ಬೇರೆ. ಇದನ್ನು ಬಾಯಲ್ಲಿ ಹೇಳಿದಾಗ ತಲೆಗೆ ಹೋಗಿರಲಿಲ್ಲ. ಕೈಯಾರೆ ಮಾಡಿದ ಮೇಲೆ ಬೇಗ ಹತ್ತಿತು. ಸ್ವಲ್ಪ ದಿನಕ್ಕೆ ಕಾಗದ ಬೇಕಾಗಲಿಲ್ಲ, ಕಣ್ಣು ಮುಚ್ಚಿ ಬೆರಳಲ್ಲೇ ಗಾಳಿಯಲ್ಲಿ ಮಡಚುತ್ತಿದ್ದಳು. ಅದನ್ನು ನೋಡಿ ನನಗಾದ ಖುಷಿ ಹೇಳತೀರದು.

ಎಲ್ಲವೂ ಹೊಂದಲಿಲ್ಲ ಅನ್ನುವುದನ್ನೂ ಹೇಳಬೇಕು. ನವೋದಯದಲ್ಲಿ ನಾಲ್ಕು ಆಯ್ಕೆ, ಇಲ್ಲಿ ಐದು. ಚಿತ್ರಕ್ಕೆ ಅಕ್ಷರದ ಕೋಡ್ ಕೊಟ್ಟು, ಯಾವ ಅಕ್ಷರ ಬಣ್ಣಕ್ಕೆ, ಯಾವುದು ಆಕಾರಕ್ಕೆ ಅಂತ ಕಂಡುಹಿಡಿಯುವ ಪ್ರಶ್ನೆ ಆ ಗೈಡ್‌ನಲ್ಲಿ ಇರಲಿಲ್ಲ. ಬಿಡಿಸಿಟ್ಟ ಡಬ್ಬಿಯನ್ನು ಮಡಚಿದರೆ ಯಾವ ಘನ ಆಗುತ್ತೆ ಅನ್ನುವುದೂ ಇಲ್ಲ. ಅವಕ್ಕೆ ಇಲ್ಲಿನ ಪುಸ್ತಕವೇ ಬೇಕಾಯಿತು. ಡಬ್ಬಿಗೆ ಕಾರ್ನ್‌ಫ್ಲೇಕ್ಸ್ ಪೆಟ್ಟಿಗೆ ಕತ್ತರಿಸಿ ಆರು ಮುಖಕ್ಕೂ ಚಿತ್ರ ಬರೆದುಕೊಂಡೆವು.

ಜೂನ್

ನೋಂದಣಿ ಮುಗಿಸಿದೆ. ಜೂನ್‌ನಲ್ಲಿ ತೆರೆದು ಜುಲೈ 1ಕ್ಕೆ ಮುಚ್ಚುತ್ತಾರೆ. ಕೆಂಟ್ ಶಾಲೆಯಲ್ಲೇ ಓದುತ್ತಿದ್ದರೂ ತಂದೆ ತಾಯಿಯೇ ಅರ್ಜಿ ಹಾಕಬೇಕು, ಶಾಲೆ ಹಾಕುತ್ತೆ ಅಂತ ಸುಮ್ನೆ ಕೂರಬೇಡಿ. ಬಕಿಂಗ್‌ಹ್ಯಾಮ್‌ಶೈರ್ ಕೌಂಟಿ ಕಡೆಯ ಸ್ನೇಹಿತರ ಮಾತು ಕೇಳಿ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳ ಹೆಸರು ತಾನಾಗೇ ಸೇರುತ್ತೆ, ಅಲ್ಲಿ ಪಾಸ್ ಅಂಕ 121, ಲೆಕ್ಕವೇ ಬೇರೆ. ಪರೀಕ್ಷೆಗೆ ಶುಲ್ಕ ಇಲ್ಲ.

ಜುಲೈ, ಆಗಸ್ಟ್

ಈಗ ಪದಗಳ ಕೆಲಸ. ಸಿ-ಎ-ಟಿ ಅನ್ನು ಡಿ-ಬಿ-ಯು ಅಂತ ಬರೆದರೆ ಇನ್ನೊಂದು ಪದ ಹೇಗೆ ಬರೆಯುತ್ತೀರಿ ಅನ್ನುವಂಥವು ಅವಳಿಗೆ ಆಟ. ಕಷ್ಟ ಇರುವುದು ಸಮಾನಾರ್ಥ, ವಿರುದ್ಧಾರ್ಥದಲ್ಲಿ. ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೊಂದು ಹೊಸ ಪದ ತೆಗೆದುಕೊಂಡು ಕನ್ನಡದ ಮಾತಿನಲ್ಲೇ ಸೇರಿಸುತ್ತೇವೆ. "ಅಜ್ಜಿ ತುಂಬಾ ಫ್ರೂಗಲ್, ಪ್ಲಾಸ್ಟಿಕ್ ಕವರ್ ತೊಳೆದು ಒಣಗಿಸಿ ಇಡ್ತಾರೆ" ಅಂದಳು ಒಂದು ದಿನ. ಆ ಪದ ಇನ್ನು ಅವಳಿಗೆ ಮರೆಯಲ್ಲ. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೂ ಹೇಳಿದಳು, ಅವರು ಹೌದು ಮತ್ತೆ ಅಂದರು.

ಸಮಯದ ಅಭ್ಯಾಸವೂ ಈಗಲೇ. ಚಿತ್ರಗಳ ಭಾಗವನ್ನು ನಾಲ್ಕು ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಸಮಯ ಇಟ್ಟಿರುತ್ತಾರೆ. ಒಂದು ಮುಗಿದರೆ ಹಿಂದಕ್ಕೆ ಹೋಗುವಂತಿಲ್ಲ, ಆಮೇಲೆ ನೋಡೋಣ ಅಂತ ಬಿಟ್ಟ ಪ್ರಶ್ನೆ ಹೋದಹಾಗೇ. ಅದಕ್ಕೆ ಗೊತ್ತಾಗದಿದ್ದರೂ ಒಂದು ಉತ್ತರಕ್ಕೆ ಗೆರೆ ಎಳೆದು ಮುಂದೆ ಹೋಗು ಅಂತ ಹೇಳಿಕೊಟ್ಟಿದ್ದೇನೆ. ಉತ್ತರ ಪತ್ರಿಕೆ ಬೇರೆ ಹಾಳೆ, ಪೆನ್ಸಿಲ್ಲಿನಲ್ಲಿ ಚೌಕದೊಳಗೆ ಗೆರೆ ಎಳೆಯಬೇಕು, ಮಷಿನ್ ಓದುತ್ತೆ. ಒಂದು ಪ್ರಶ್ನೆ ಬಿಟ್ಟು ಹಾಳೆಯಲ್ಲಿ ಬಿಡದಿದ್ದರೆ ಅಲ್ಲಿಂದ ಮುಂದೆ ಎಲ್ಲಾ ತಪ್ಪು. ಹಾಗಾಗಿ ಮನೆಯಲ್ಲೂ ಪುಸ್ತಕದ ಮೇಲೆ ಟಿಕ್ ಹಾಕಿಸುವುದಿಲ್ಲ, ಹಾಳೆಯಲ್ಲೇ ಮಾಡಿಸುತ್ತೇನೆ.

ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಇಲ್ಲ, ರಜೆಯಲ್ಲೂ ಅಷ್ಟೇ. ಈಜು ಬಿಡಿಸಿಲ್ಲ. ಅವಳ ಹತ್ತಿರದ ಗೆಳತಿ ಈ ಪರೀಕ್ಷೆ ಬರೆಯುತ್ತಿಲ್ಲ, ಮುಂದಿನ ವರ್ಷ ಇಬ್ಬರೂ ಬೇರೆ ಬೇರೆ ಶಾಲೆ ಆಗಬಹುದು. ಅದು ಅವಳಿಗೂ ನೋವು, ನನಗೂ. ಹತ್ತು ವರ್ಷಕ್ಕೇ ಮಕ್ಕಳನ್ನು ಹೀಗೆ ಬೇರ್ಪಡಿಸುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ನವೋದಯದಲ್ಲಿ ಕನಿಷ್ಠ 75 ಪರ್ಸೆಂಟ್ ಸೀಟು ಹಳ್ಳಿ ಮಕ್ಕಳಿಗೆ ಅಂತ ಇಟ್ಟಿದ್ದರಿಂದಲೇ ನನ್ನಂಥವಳು ಏಳು ವರ್ಷ ಅಲ್ಲಿ ಓದಿದೆ. ಇಲ್ಲಿ ವರ್ಷಗಟ್ಟಲೆ ಟ್ಯೂಷನ್‌ಗೆ ದುಡ್ಡು ಕೊಡುವ ಮನೆಯ ಮಗುವಿಗೂ ಕೊಡಲಾಗದ ಮನೆಯ ಮಗುವಿಗೂ ಒಂದೇ ಪತ್ರಿಕೆ. ಬಡ ಮನೆಯ ಮಕ್ಕಳಿಗೆ ಕೆಲವು ಗ್ರಾಮರ್ ಶಾಲೆಗಳು ಆದ್ಯತೆ ಕೊಡುತ್ತಿವೆ, ಅದು ಎಲ್ಲ ಕಡೆ ಆಗಬೇಕು. ಇಷ್ಟಾದರೂ ಬರೆಸುತ್ತಿದ್ದೇನೆ, ಏಕೆಂದರೆ ಅವಳಿಗೇ ಬರೆಯಬೇಕು ಅಂತ ಆಸೆ ಇದೆ.

ಮುಂದೆ

ಪರೀಕ್ಷೆ ಅವಳ ಶಾಲೆಯಲ್ಲೇ. ಕೊನೆಯ ಎರಡು ದಿನ ಪುಸ್ತಕ ಮುಟ್ಟುವುದಿಲ್ಲ ಅಂತ ಮಾತಾಗಿದೆ. ಫಲಿತಾಂಶ ಅಕ್ಟೋಬರ್ ಮಧ್ಯದಲ್ಲಿ ಈಮೇಲ್‌ಗೆ ಬರುತ್ತೆ. ಶಾಲೆಗಳ ಪಟ್ಟಿ ಕೊಡಲು ಅಕ್ಟೋಬರ್ 31 ಕೊನೆ. ಪಟ್ಟಿಯಲ್ಲಿ ನಿಮಗೆ ನಿಜವಾಗಿ ಬೇಕಾದ ಶಾಲೆಯನ್ನೇ ಮೊದಲು ಬರೆಯಿರಿ, ನೀವು ಎಷ್ಟನೇ ಸ್ಥಾನ ಕೊಟ್ಟಿದ್ದೀರಿ ಅನ್ನುವುದರ ಮೇಲೆ ಶಾಲೆ ಸೀಟು ಹಂಚುವುದಿಲ್ಲ. ಪಾಸಾದರೂ ಸೀಟು ಖಾತ್ರಿ ಅಲ್ಲ. ಕೆಲವು ಶಾಲೆ ಮನೆಯ ದೂರ ನೋಡುತ್ತವೆ, ಟನ್‌ಬ್ರಿಜ್ ಕಡೆಯ ಕೆಲವು ಅಂಕ ಜಾಸ್ತಿ ಇದ್ದವರನ್ನು ಮೊದಲು ತೆಗೆದುಕೊಳ್ಳುತ್ತವೆ. ನಾವು ಪಟ್ಟಿಯಲ್ಲಿ ಪರೀಕ್ಷೆ ಇಲ್ಲದ ಒಂದು ಒಳ್ಳೆಯ ಶಾಲೆಯನ್ನೂ ಬರೆಯುತ್ತಿದ್ದೇವೆ. ಅದನ್ನು ಹೋಗಿ ನೋಡಿಬಂದಿದ್ದೇವೆ, ಅಲ್ಲಿನ ಲೈಬ್ರರಿ ಮಗಳಿಗೆ ಹಿಡಿಸಿದೆ. ಸೀಟು ಯಾವುದು ಅಂತ ಗೊತ್ತಾಗುವುದು ಮಾರ್ಚ್ 1ಕ್ಕೆ.

ಅಕ್ಟೋಬರ್‌ನಲ್ಲಿ ಅಂಕ ಎಷ್ಟೇ ಬರಲಿ, ಯಾವ ಭಾಗಕ್ಕೆ ಯಾವ ಅಭ್ಯಾಸ ಕೆಲಸ ಮಾಡಿತು ಅಂತ ಮತ್ತೆ ಬರೆಯುತ್ತೇನೆ. ಗೈಡ್ ಇನ್ನು ನಮಗೆ ಬೇಕಾಗಿಲ್ಲ, ಡಾರ್ಟ್‌ಫರ್ಡ್ ಸುತ್ತಮುತ್ತ ಇಯರ್ 4ರಲ್ಲಿ ಮಕ್ಕಳಿರುವವರು ಯಾರಾದರೂ ಕೇಳಿದರೆ ಕೊಡುತ್ತೇನೆ. ಪೆನ್ಸಿಲ್ ಗುರುತೆಲ್ಲ ಅಳಿಸಿ ಇಟ್ಟಿದ್ದೇವೆ.