ಗೇಮ್ ಸ್ಟೋರ್ ವಿರುದ್ಧ ಸಾಮೂಹಿಕ ದೂರು: ಕೊಡಗಿನ ಗ್ರಾಹಕರಿಗೆ ಇರುವ ದಾರಿ

ಬ್ರಿಟನ್ನಿನಲ್ಲಿ ಸೋನಿ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ ಪ್ಲೇಸ್ಟೇಷನ್ ಸ್ಟೋರ್ ಮೇಲೆ 500 ಕೋಟಿ ಪೌಂಡ್‌ವರೆಗಿನ ದಾವೆ, ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಮೇಲೆ 65.6 ಕೋಟಿ ಪೌಂಡಿನ ಇನ್ನೊಂದು. ಇಂಥ ಸುದ್ದಿ ಬಂದಾಗಲೆಲ್ಲ ಕುಶಾಲನಗರದಿಂದ ಪೊನ್ನಂಪೇಟೆಯವರೆಗೆ ಗೇಮ್ ಆಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ನಮಗೂ ಏನಾದರೂ ಬರುತ್ತದಾ? ಬರುವುದಿಲ್ಲ.

ಇವು ಕ್ಲಾಸ್ ಆಕ್ಷನ್, ಅಂದರೆ ಸಾಮೂಹಿಕ ದಾವೆ. ಇದರಲ್ಲಿ ಒಬ್ಬರೋ ಇಬ್ಬರೋ ಕೋರ್ಟಿಗೆ ಹೋಗಿ, ಅದೇ ತೊಂದರೆಗೆ ಸಿಕ್ಕ ಎಲ್ಲರ ಪರವಾಗಿ ವಾದಿಸುತ್ತಾರೆ. ಆ ಎಲ್ಲರು ಯಾರು ಎಂಬುದಕ್ಕೆ ಕೋರ್ಟು ಗೆರೆ ಎಳೆದಿರುತ್ತದೆ. ಸೋನಿ ಮೇಲಿನ ದಾವೆ 2022ರಲ್ಲಿ ದಾಖಲಾಯಿತು, 2023ರ ನವೆಂಬರಿನಲ್ಲಿ ಅಲ್ಲಿನ ಸ್ಪರ್ಧಾ ನ್ಯಾಯಮಂಡಳಿ ಅದನ್ನು ಮುಂದುವರಿಸಲು ಬಿಟ್ಟಿತು. ಗೆರೆಯೊಳಗಿರುವುದು ಬ್ರಿಟನ್ನಿನ ಗ್ರಾಹಕರು ಮಾತ್ರ. ಫೋರ್ಟ್‌ನೈಟ್‌ನ ಎಪಿಕ್ ಕಂಪನಿ 24.5 ಕೋಟಿ ಡಾಲರ್ ಹಿಂದಿರುಗಿಸಲು 2022ರಲ್ಲಿ ಒಪ್ಪಿದ್ದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದಿಗೆ, ಅದು ಅಮೆರಿಕದವರಿಗೆ. ಆದ್ದರಿಂದ 'ನಿಮ್ಮ ಪಾಲಿನ ಪರಿಹಾರ ಬಂದಿದೆ, ಬ್ಯಾಂಕ್ ಖಾತೆ ಸಂಖ್ಯೆ ಕಳಿಸಿ' ಎಂಬ ಮೇಲ್ ವಿರಾಜಪೇಟೆಯ ವಿಳಾಸಕ್ಕೆ ಬಂದರೆ ವಂಚನೆ ಎಂದೇ ತಿಳಿದು ಅಳಿಸಿ.

ಹಾಗಂತ ಆ ಕೇಸುಗಳಿಂದ ನಮಗೆ ಕಲಿಯಲು ಏನೂ ಇಲ್ಲ ಎಂದಲ್ಲ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಕಥೆ ನೋಡಿ. ಖಾತೆ ತೆರೆಯುವಾಗ 'ಒಪ್ಪಿದೆ' ಎಂದು ಒತ್ತುತ್ತೇವಲ್ಲ, ಆ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಕೋರ್ಟಿನ ಹೊರಗೆ ಖಾಸಗಿ ತೀರ್ಪುಗಾರರಿಂದ ಇತ್ಯರ್ಥ, ಆರ್ಬಿಟ್ರೇಷನ್) ಷರತ್ತಿತ್ತು: ಕೋರ್ಟಿಗೆ ಹೋಗುವಂತಿಲ್ಲ, ಗುಂಪಾಗಿಯೂ ಹೋಗುವಂತಿಲ್ಲ. 2021ರಲ್ಲಿ ಅಮೆರಿಕದ ಗ್ರಾಹಕರು ಹೂಡಿದ ದಾವೆ ಇದೇ ಷರತ್ತಿಗೆ ಸಿಕ್ಕಿ ಮಧ್ಯಸ್ಥಿಕೆಗೆ ಹೋಯಿತು. ಆಗ ವಕೀಲರು ಗುಂಪಿನ ಬದಲು ಒಬ್ಬೊಬ್ಬರ ಹೆಸರಿನಲ್ಲೇ ಸಾವಿರಗಟ್ಟಲೆ ಮಧ್ಯಸ್ಥಿಕೆ ಅರ್ಜಿಗಳಿಗೆ ಕೈಹಾಕಿದರು. ಪ್ರತಿ ಅರ್ಜಿಗೂ ಶುಲ್ಕ ಬೀಳುವುದು ಕಂಪನಿಯ ಮೇಲೆ. 2024ರ ಸೆಪ್ಟೆಂಬರ್ 26ರಂದು ವಾಲ್ವ್ ತಾನೇ ಆ ಷರತ್ತನ್ನು ಕಿತ್ತುಹಾಕಿತು. ಗ್ರಾಹಕರನ್ನು ಬಿಡಿಬಿಡಿಯಾಗಿಸಲು ಬರೆದ ಷರತ್ತು ಬರೆದವರಿಗೇ ದುಬಾರಿಯಾಯಿತು.

ಭಾರತದಲ್ಲಿ ಈ ಷರತ್ತು ಮೊದಲೇ ಹಲ್ಲಿಲ್ಲದ್ದು. ಒಪ್ಪಂದದಲ್ಲಿ ಮಧ್ಯಸ್ಥಿಕೆ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಖಚಿತಪಡಿಸಿದೆ. ಒಪ್ಪಂದದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೋರ್ಟಿಗೇ ಬರಬೇಕು ಎಂಬ ಸಾಲು ಕಂಡು ಹೆದರಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 34ರ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗದು ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

ಹಾಗಾದರೆ ಮಡಿಕೇರಿಯಲ್ಲೇ ಕ್ಲಾಸ್ ಆಕ್ಷನ್ ಹೂಡಬಹುದೇ? ಕಾಯ್ದೆಯಲ್ಲಿ ಜಾಗವಿದೆ. ಸೆಕ್ಷನ್ 35(1)(ಸಿ) ಅಡಿ, ಒಂದೇ ಹಿತಾಸಕ್ತಿಯ ಬಹಳ ಗ್ರಾಹಕರ ಪರವಾಗಿ ಒಬ್ಬರು ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಆದರೆ ಗೇಮ್ ಸ್ಟೋರ್ ವಿಷಯದಲ್ಲಿ ಇದು ಎಡವುವುದು ಲೆಕ್ಕದಲ್ಲಿ. ಜಿಲ್ಲಾ ಆಯೋಗದ ಮಿತಿ 50 ಲಕ್ಷ ರೂಪಾಯಿ, ರಾಜ್ಯ ಆಯೋಗದ್ದು 2 ಕೋಟಿ, ಅದಕ್ಕೂ ಮೇಲಿನದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ. ಸಾಮೂಹಿಕ ದೂರಿನಲ್ಲಿ ಎಲ್ಲ ಗ್ರಾಹಕರ ಮೊತ್ತವನ್ನೂ ಕೂಡಿಸಿ ನೋಡಬೇಕೆಂದು ಅಂಬರೀಶ್ ಕುಮಾರ್ ಶುಕ್ಲಾ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ 2016ರಲ್ಲಿ, ಹಳೆಯ ಕಾಯ್ದೆಯಡಿ, ಹೇಳಿತು. 3,000 ರೂಪಾಯಿಯ ಗೇಮ್ ಆದರೆ 1,666 ಜನಕ್ಕೇ ಜಿಲ್ಲಾ ಆಯೋಗದ ಮಿತಿ ಮುಗಿಯಿತು. 6,666 ಜನ ದಾಟಿದರೆ ದೆಹಲಿಗೆ ನಡೆಯಬೇಕು. ಕೊಡಗಿನವರು ಮಾತ್ರ ಎಂದು ಗುಂಪನ್ನು ಕಿರಿದು ಮಾಡೋಣವೆಂದರೆ ಅದೇ ತೀರ್ಪು ಅಡ್ಡ ಬರುತ್ತದೆ: ಆ ದೂರು ಇರುವ ಎಲ್ಲರ ಪರವಾಗಿಯೂ ಹೋಗಬೇಕು, ಕೆಲವರ ಪರವಾಗಿ ಅಲ್ಲ.

ಇನ್ನೊಂದು ಖರ್ಚು ಹಲವರಿಗೆ ಹೊಳೆಯುವುದಿಲ್ಲ. ಇಂಥ ದೂರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 1 ರೂಲ್ 8 ಅನ್ವಯಿಸುತ್ತದೆ. ಗುಂಪಿನ ಎಲ್ಲರಿಗೂ ನೋಟಿಸ್ ಕೊಡಬೇಕು, ಅಷ್ಟು ಜನರನ್ನು ಹುಡುಕಲಾಗದಿದ್ದರೆ ಪತ್ರಿಕಾ ಪ್ರಕಟಣೆ, ಅದೂ ದೂರುದಾರರ ಖರ್ಚಿನಲ್ಲಿ. ದೇಶವಿಡೀ ಹರಡಿದ ಗ್ರಾಹಕರಿಗೆ ಮಡಿಕೇರಿಯ 'ಶಕ್ತಿ' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಸಾಲದು. ಮಧ್ಯದಲ್ಲಿ ಕಂಪನಿಯೊಂದಿಗೆ ರಾಜಿಯಾಗಬೇಕೆಂದರೂ ಮತ್ತೆ ಎಲ್ಲರಿಗೂ ನೋಟಿಸ್.

ಹಾಗಾಗಿ ಕೊಡಗಿನ ಗೇಮರ್‌ಗೆ ಕ್ಲಾಸ್ ಆಕ್ಷನ್ ಸರಿಯಾದ ಅಸ್ತ್ರವಲ್ಲ. ಸರಿಯಾದದ್ದು ಜಂಟಿ ದೂರು. ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಬೆಂಗಳೂರಿನ 1,134 ಫ್ಲ್ಯಾಟ್‌ಗಳ ಸಮುಚ್ಚಯದ 51 ಫ್ಲ್ಯಾಟ್ ಕೊಂಡ 91 ಮಂದಿ ಎಲ್ಲರ ಪರವಾಗಿ ಎಂದು ದೂರು ಕೊಟ್ಟಿದ್ದರು. ಎಲ್ಲರ ಹಿತಾಸಕ್ತಿ ಒಂದೇ ಎಂಬುದನ್ನು ದೂರಿನಲ್ಲಿ ಸರಿಯಾಗಿ ಹೇಳಿಲ್ಲ, ಆದ್ದರಿಂದ ಇದು ಸಾಮೂಹಿಕ ದೂರಲ್ಲ ಎಂದಿತು ಸುಪ್ರೀಂ ಕೋರ್ಟ್, 2021ರ ಡಿಸೆಂಬರಿನಲ್ಲಿ. ಆದರೆ ಅವರಷ್ಟೇ ಸೇರಿ ಕೊಟ್ಟ ಜಂಟಿ ದೂರಾಗಿ ನಡೆಯಬಹುದು ಎಂದೂ ಹೇಳಿತು. ಒಂದೇ ಗೇಮ್, ಒಂದೇ ತೊಂದರೆ, ಒಂದೇ ಬೇಡಿಕೆ ಇರುವ ಐದಾರು ಮಂದಿ ತಮ್ಮ ತಮ್ಮ ಹೆಸರಿನಲ್ಲೇ ಸಹಿ ಹಾಕಿದರೆ ಅನುಮತಿಯೂ ಬೇಡ, ಜಾಹೀರಾತೂ ಬೇಡ. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಯಾವ ತಕರಾರು ನಿಲ್ಲುತ್ತದೆ? ಹಣ ಎರಡು ಸಲ ಕಡಿತವಾದದ್ದು, ಹಣ ಹೋಗಿ ಗೇಮ್ ಬಾರದ್ದು, ಸ್ಟೋರ್ ತನ್ನದೇ ನಿಯಮ ಮುರಿದು ರೀಫಂಡ್ ನಿರಾಕರಿಸಿದ್ದು, ಇವು ಗಟ್ಟಿ. ಬೆಲೆ ಹೆಚ್ಚು, ಪ್ರತಿ ಮಾರಾಟದಲ್ಲಿ ಸ್ಟೋರ್ ಹಿಡಿಯುವ ಶೇ. 30ರ ಕಮಿಷನ್ ಅನ್ಯಾಯ ಎಂಬುದು ಸ್ಪರ್ಧಾ ಆಯೋಗದ ವಿಷಯ. ಗೂಗಲ್ ಪ್ಲೇ ಬಿಲ್ಲಿಂಗ್‌ಗೆ 2022ರಲ್ಲಿ 936.44 ಕೋಟಿ ದಂಡ ಹಾಕಿದ್ದು ಅದೇ ಆಯೋಗ, ಮೇಲ್ಮನವಿಯಲ್ಲಿ ಅದು 216.69 ಕೋಟಿಗೆ ಇಳಿಯಿತು. 'ಇದು ಮಾರಾಟವಲ್ಲ, ಬರೀ ಲೈಸೆನ್ಸು' ಎಂಬ ಷರತ್ತೇ ಅನ್ಯಾಯ ಎಂದು ವಾದಿಸುವುದಾದರೆ ಎಚ್ಚರ. ಅನ್ಯಾಯದ ಕರಾರಿನ ದೂರು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ಮೊತ್ತ ಐನೂರು ರೂಪಾಯಿ ಇದ್ದರೂ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಮಡಿಕೇರಿಯಲ್ಲೇ ಉಳಿಯಬೇಕೆಂದರೆ ದೂರನ್ನು ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದೇ ಬರೆಯಿರಿ.

ರೀಫಂಡ್ ನಿಯಮ ಮಲೆನಾಡಿನ ಮಳೆಗಾಲಕ್ಕೆ ಹೊಂದುವುದಿಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್. ಆ 14 ದಿನ ಕೊಂಡ ದಿನದಿಂದ ಓಡುತ್ತದೆ, ಡೌನ್‌ಲೋಡ್ ಮುಗಿದ ದಿನದಿಂದಲ್ಲ. 100 ಜಿಬಿಯ ಗೇಮ್‌ಗೆ 10 ಎಂಬಿಪಿಎಸ್ ಲೈನಿನಲ್ಲಿ ತಡೆಯಿಲ್ಲದೆ 22 ಗಂಟೆ ಬೇಕು. ಜುಲೈನಲ್ಲಿ ಸೋಮವಾರಪೇಟೆ ಕಡೆ ತಡೆಯಿಲ್ಲದ 22 ಗಂಟೆ ಎಲ್ಲಿಂದ ತರುವುದು? ಗೇಮನ್ನು ಶುರುಮಾಡುವ ತಂತ್ರಾಂಶ (ಲಾಂಚರ್) ಸುಮ್ಮನೆ ತೆರೆದಿದ್ದರೂ ಆಡಿದ ಲೆಕ್ಕಕ್ಕೆ ಸೇರುತ್ತದೆ. ಪ್ಲೇಸ್ಟೇಷನ್‌ನಲ್ಲಿ ಇನ್ನೂ ಬಿಗಿ: 14 ದಿನವಿದ್ದರೂ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ರೀಫಂಡ್ ಇಲ್ಲ. ಹಾಗೆಂದು ಸಿಟ್ಟಿನಲ್ಲಿ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕವೇ ಪಾವತಿ ಹಿಂದಕ್ಕೆ ಪಡೆಯುವುದು) ಹಾಕಿಸಬೇಡಿ. ಸ್ಟೋರ್ ಖಾತೆಗೆ ಬೀಗ ಬಿದ್ದು, ಹಿಂದೆ ಕೊಂಡ ಗೇಮ್‌ಗಳೂ ಅದರೊಳಗೇ ಉಳಿಯಬಹುದು.

ಮೊದಲ ಮೆಟ್ಟಿಲು ಸ್ಟೋರಿನ ಕುಂದುಕೊರತೆ ಅಧಿಕಾರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯಲ್ಲಿ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಈ ನಿಯಮ ಡಿಜಿಟಲ್ ಸರಕಿಗೂ, ಭಾರತದಲ್ಲಿ ಕಚೇರಿ ಇಲ್ಲದೆ ಇಲ್ಲಿನವರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಕಂಪನಿಗೂ ಅನ್ವಯ. ರೂಪಾಯಿ ಬೆಲೆ, ಯುಪಿಐ ಪಾವತಿಯ ಪುಟ ಅದಕ್ಕೆ ಸಾಕ್ಷಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆದರೆ ಅದು ಬರೀ ಸಹಾಯವಾಣಿ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಕೊಟ್ಟೆವೆಂದು ಕಾಲಮಿತಿ ನಿಲ್ಲುವುದೂ ಇಲ್ಲ.

ದೂರು ಬೀಳುವುದು ಹೆಚ್ಚಾಗಿ ಸಾಕ್ಷ್ಯದಲ್ಲಿ. ಸ್ಟೋರಿನ ಪುಟ ಬದಲಾಗುತ್ತದೆ, ಷರತ್ತೂ ಬದಲಾಗುತ್ತದೆ. ಕೊಂಡ ದಿನದ ಪುಟ, ಆ ದಿನದ ಷರತ್ತು ಎರಡನ್ನೂ ಪಿಡಿಎಫ್ ಮಾಡಿಡಿ. ಆರ್ಡರ್ ಸಂಖ್ಯೆ ಇರುವ ಮೇಲ್, ಯುಪಿಐ ಉಲ್ಲೇಖ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ಸಪೋರ್ಟ್‌ನವರೊಂದಿಗಿನ ಚಾಟ್ ಪೂರ್ತಿ ಬೇಕು, ಬೇಕಾದ ಸಾಲು ಕತ್ತರಿಸಿದ್ದಲ್ಲ. ಸ್ಕ್ರೀನ್‌ಶಾಟ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಲಗತ್ತಿಸಿ. ಅದರ ಭಾಗ 'ಎ' ನೀವು, ಭಾಗ 'ಬಿ' ತಜ್ಞರು ಸಹಿ ಮಾಡುವುದು. ಫೈಲಿನ ಹ್ಯಾಶ್ ಮೌಲ್ಯ (ಫೈಲು ಒಂಚೂರು ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ಬರೆಯಬೇಕು. ವಿಂಡೋಸ್‌ನಲ್ಲಿ ಅದಕ್ಕೆ ಬೇರೆ ತಂತ್ರಾಂಶ ಬೇಡ, ಸರ್ಟ್‌ಯುಟಿಲ್ (certutil) ಆಜ್ಞೆ ಸಾಕು. ಹ್ಯಾಶ್ ತೆಗೆದ ಮೇಲೆ ಫೈಲನ್ನು ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಬೇಡಿ. ಅದು ಕುಗ್ಗಿಸಿ ಕಳಿಸುತ್ತದೆ, ಮೌಲ್ಯ ಹೊಂದುವುದಿಲ್ಲ.

ದೂರು ದಾಖಲಿಸುವುದು ಗ್ರಾಹಕ ಆಯೋಗಗಳ ಆನ್‌ಲೈನ್ ತಾಣವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ. ದೂರು ಅಂಗೀಕಾರವಾದ ಮೇಲೆ ನೋಟಿಸ್ ತಲುಪಿದ ಎದುರುದಾರರಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. 45 ದಾಟಿದರೆ ಉತ್ತರ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪು ಕೊಟ್ಟಿದೆ. ವಿಡಿಯೋ ಮೂಲಕ ವಿಚಾರಣೆ ಕೇಳಿ ಅರ್ಜಿ ಹಾಕಬಹುದು. ಗುಡ್ಡ ಕುಸಿದು ರಸ್ತೆ ಬಂದಾಗುವ ತಿಂಗಳುಗಳಿಗೆ ಮೊದಲೇ ಹಾಕಿಡುವುದು ಲೇಸು.

ಕಾಲಮಿತಿ ಎರಡು ವರ್ಷ. 'ದಿ ಕ್ರೂ' ಎಂಬ ಕಾರ್ ರೇಸಿನ ಗೇಮ್‌ನ ಸರ್ವರ್ 2024ರ ಮಾರ್ಚ್ 31ರಂದು ನಿಂತಿತು, ಒಬ್ಬರೇ ಆಡುವ ಭಾಗವೂ ಅದರೊಂದಿಗೆ ಸತ್ತಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಆ ಗೇಮ್‌ನ ಕಂಪನಿ ಯೂಬಿಸಾಫ್ಟ್ ಮೇಲೆ ಕ್ಲಾಸ್ ಆಕ್ಷನ್ ಬಿತ್ತು. ಸರ್ವರ್ ನಿಂತ ದಿನದಿಂದ ಎಣಿಸಿದರೆ ಇಲ್ಲಿನ ಗ್ರಾಹಕರಿಗೆ ಗಡುವು 2026ರ ಮಾರ್ಚ್ ಕೊನೆ. ಅಮೆರಿಕದ ಕೇಸಿನ ತೀರ್ಪು ಬರಲಿ ಎಂದು ಕಾದರೆ ಇಲ್ಲಿನ ಗಡುವು ಕಾಯುವುದಿಲ್ಲ.

ದೂರಿಗೆ ಕೂರುವ ಮೊದಲು ಇನ್‌ವಾಯ್ಸ್‌ನ ಕೆಳತುದಿ ನೋಡಿ, ಮಾರಿದವರ ಹೆಸರಿರುತ್ತದೆ. ಭಾರತದಲ್ಲಿ ನೋಂದಾಯಿಸಿದ ಕಂಪನಿಯಾದರೆ ಅದನ್ನೂ ಎದುರುದಾರರನ್ನಾಗಿಸಿ, ಆದೇಶ ಪಾಲಿಸದಿದ್ದರೆ ಸೆಕ್ಷನ್ 71ರಡಿ ಜಾರಿ ಅರ್ಜಿ ಹಾಕಬಹುದು. ವಿದೇಶಿ ಹೆಸರು ಮಾತ್ರ ಇದ್ದು, ಇಲ್ಲಿ ಕಚೇರಿಯೂ ಆಸ್ತಿಯೂ ಇಲ್ಲದಿದ್ದರೆ ಗೆದ್ದ ಆದೇಶವನ್ನು ಹಣವಾಗಿಸುವುದು ಕಷ್ಟ. ಆಗ ಕುಂದುಕೊರತೆ ಅಧಿಕಾರಿ ಮತ್ತು 1915ರ ಹಂತದಲ್ಲೇ ಸ್ಟೋರ್ ವ್ಯಾಲೆಟ್‌ಗೆ ಹಣ ವಾಪಸ್ ಕೊಡುತ್ತೇವೆಂದರೆ ಒಪ್ಪಿಕೊಳ್ಳುವುದು ಜಾಣತನ.